ಬದಲಿ ಜ್ಯೂರರ್, ಸಂಖ್ಯೆ ಮೂರು

ಹದಿನೇಳು ದಿನ ಕೂತಿದ್ದೆ
ಕಾಲು ಕುಂಟುವ ಕೊನೆಯ ಕುರ್ಚಿಯಲ್ಲಿ;
ಅಲ್ಲಿಂದ ಕಾಣುತ್ತಿದ್ದದ್ದು ಆರೋಪಿಯ ಬಲಗಿವಿ ಮಾತ್ರ.
ಗವರ್ನರಾಗಲು ಹೊರಟವನ ಕಿವಿಯೂ
ಎಲ್ಲರ ಕಿವಿಯ ಹಾಗೇ, ಕೂದಲು ಇಣುಕುವ ಕಿವಿ.
ಸೇತುವೆಯ ದುಡ್ಡಿನ ಲೆಕ್ಕ ಓದುವಾಗ ಕೆಂಪಗಾಯಿತು.
ಅವತ್ತು ಹೀಟರೂ ಜಾಸ್ತಿಯಿತ್ತು.

ತೀರ್ಪು ಹನ್ನೆರಡು ಮಂದಿಯದು.
ನಾವು ಮೂವರು ಬದಲಿಗಳು:
ಯಾರಿಗಾದರೂ ಜ್ವರ ಬರಬೇಕು,
ಯಾರದಾದರೂ ತಾಯಿ ತೀರಿಕೊಳ್ಳಬೇಕು,
ಆಮೇಲೆ ನಮ್ಮ ಸರದಿ.
ಆ ವಸಂತದಲ್ಲಿ ಎಲ್ಲರ ತಾಯಂದಿರೂ ಗಟ್ಟಿಮುಟ್ಟಾಗಿದ್ದರು.

ಮನೆಯಲ್ಲಿ ಬಾಯಿ ಬಿಡುವಂತಿಲ್ಲ, ಆಣೆ ಮಾಡಿದ್ದೇನೆ.
ಬಾಯಿ ಬಿಡದ ಇನ್ನೊಬ್ಬ ಎದುರಿಗೇ ಕೂತು ಆಲೂಗಡ್ಡೆ ಸುಲಿಯುತ್ತಿದ್ದ:
ವೆಂಡೆಲ್, ನನ್ನ ಗಂಡ, ಮೂವತ್ತೊಂದು ವರ್ಷದಿಂದ
ಕಾಲೇಜಿನ ಹುಲ್ಲು ನೋಡಿಕೊಳ್ಳುವವನು.
ಲೈಬ್ರರಿಯೆದುರಿನ ಅವನ ಹುಲ್ಲಿನ ಮೇಲೆ ಅರವತ್ತೆರಡು ಡೇರೆ.
ಮೊದಲ ದಿನ ಶಪಿಸಿದ:
ಬೇರು ಕೊಳೆತರೆ ಇವರಪ್ಪಂದಿರು ಬಂದು ಬಿತ್ತುತ್ತಾರಾ?
ಮೂರನೆಯ ರಾತ್ರಿ, ಯಾರ ಅಪ್ಪಣೆಯೂ ಇಲ್ಲದೆ,
ಸ್ಪ್ರಿಂಕ್ಲರಿನ ಗಡಿಯಾರ ನಿಲ್ಲಿಸಿ ಬಂದ.
ನಾಲ್ಕು ಗಂಟೆಗೆ ನೀರು ಚಿಮ್ಮಿದರೆ ಮಕ್ಕಳು ನೆನೆಯುತ್ತವೆ,
ಅಷ್ಟೇ ಎಂದ.

ಮೆಗಾಫೋನು ಹಿಡಿದವಳು ಮಾರ್ಗೋ ಫೆಲ್ಟನ್.
ಆರು ವರ್ಷ ನನ್ನ ಸ್ಕೂಲ್ ಬಸ್ಸಿನ ಮೂರನೇ ಸೀಟು,
ನವೆಂಬರಿನಿಂದ ಮಾರ್ಚಿನ ತನಕ ಸೋರುವ ಮೂಗು.
ದೂರದ ಯುದ್ಧದಲ್ಲಿ ಸತ್ತವರ ಹೆಸರು ಓದುತ್ತಿದ್ದಳಂತೆ;
ಒಂದು ಹೆಸರು ತಪ್ಪಾದರೆ ನಿಲ್ಲಿಸಿ, ನೀರು ಕುಡಿದು,
ಮತ್ತೆ ಮೊದಲಿಂದ.

ವಕೀಲರ ಕೊನೆಯ ವಾದದ ರಾತ್ರಿ ಹೆಲಿಕಾಪ್ಟರು ಬಂತು.
ಟಿವಿ ಹಾಕಬೇಡಿ ಎಂದಿದ್ದರು ನ್ಯಾಯಾಧೀಶರು.
ಹಾಕಲಿಲ್ಲ. ವರಾಂಡದಲ್ಲಿ ನಿಂತೆ.
ಬೆಳಗ್ಗೆ ವೆಂಡೆಲ್ಲನ ಬೂಟಿನ ತುಂಬ ಮುರಿದ ಡೇರೆಗೂಟ.

ನಮಗೆ ಥ್ಯಾಂಕ್ಸ್ ಹೇಳಿ ಹಿಂಬಾಗಿಲಿಂದ ಕಳಿಸಿದರು.
ಊಟಕ್ಕಿಲ್ಲದ ಉಪ್ಪಿನಕಾಯಿ, ಜೊತೆಗೊಂದು ಚೆಕ್ಕು.
ಏಳು ಆರೋಪದಲ್ಲಿ ನಾಲ್ಕಕ್ಕೆ ದೋಷಿ ಎಂದರು ಆ ಹನ್ನೆರಡು ಜನ.
ನಾನಾಗಿದ್ದರೆ ಆ ನಾಲ್ಕರಲ್ಲಿ ಒಂದಕ್ಕೆ ಇಲ್ಲ ಎನ್ನುತ್ತಿದ್ದೆ,
ಬಿಟ್ಟುಕೊಟ್ಟ ಮೂರರಲ್ಲಿ ಒಂದಕ್ಕೆ ಹೌದು.
ಕೇಳುವವರಿರಲಿಲ್ಲ.

ದೋಷಿಗೆ ಒಂದೇ ರಾತ್ರಿಯಲ್ಲಿ ದೇಣಿಗೆ ಹರಿದು ಬಂತು.
ಪೊಲೀಸರು ತೆಗೆದ ಫೋಟೋ ಅಂಗಿಯಾಗಿ, ಕಪ್ಪಾಗಿ,
ನನ್ನ ಭಾವಮೈದುನನ ಟ್ರಕ್ಕಿನ ಹಿಂಬದಿಯಾಗಿ ಊರು ಸುತ್ತಿತು.
ಅವನ ಜಾಹೀರಾತಿನಲ್ಲಿ ವೆಂಡೆಲ್ಲನ ಹುಲ್ಲು,
ಚೌಕ ಚೌಕ ಸತ್ತ ಹಳದಿ:
ರಾಜ್ಯವನ್ನು ಇವರ ಕೈಗೆ ಕೊಡುತ್ತೀರಾ?
ಎದುರಾಳಿಯ ಜಾಹೀರಾತಿನಲ್ಲಿ ಕೋರ್ಟಿನ ಮೆಟ್ಟಿಲು;
ಹಸಿರು ಕೋಟಿನಲ್ಲಿ ನಾನು ಇಳಿಯುತ್ತೇನೆ, ನಾಲ್ಕು ಸೆಕೆಂಡು.
ವಿದ್ಯಾರ್ಥಿಗಳು ಎಂಬ ಮಾತು ಬಂದಲ್ಲೆಲ್ಲ
ಆಕೆಗೆ ಕೆಮ್ಮು ಬರುತ್ತಿತ್ತು.

ಬಾಗಿಲು ತಟ್ಟಿದ ಹುಡುಗ ಕೇಳಿದ:
ನಿಮಗೆ ಯಾವುದು ಮುಖ್ಯ, ಕೋರ್ಟೋ ಕಾಲೇಜೋ?
ಹತ್ತಕ್ಕೆ ಎಷ್ಟು ಅಂಕ?
ಇಲ್ಲಿ ಅವೆರಡೂ ಒಂದೇ ಮೇಜಿನಲ್ಲಿ ಉಣ್ಣುತ್ತವೆ, ಮಗಾ,
ಉಪ್ಪು ಕೊಡು ಅನ್ನೋದು ಬಿಟ್ಟು ಮಾತಿಲ್ಲ ಎಂದೆ.
ಅವನ ಪಟ್ಟಿಯಲ್ಲಿ ಅದಕ್ಕೆ ಖಾನೆ ಇರಲಿಲ್ಲ.

ನವೆಂಬರು. ಶಾಲೆಯ ಜಿಮ್, ಬ್ಯಾಸ್ಕೆಟ್‌ಬಾಲಿನ ಬುಟ್ಟಿಯ ಕೆಳಗೆ ಸಾಲು.
ಓಟು ಹಾಕುವುದೇ ಇಲ್ಲ ಎಂದು ಮೆಗಾಫೋನಿನಲ್ಲಿ ಸಾರಿದವಳು
ಅಪ್ಪನ ಕೋಟು ತೊಟ್ಟು ನನ್ನ ಹಿಂದೆಯೇ ನಿಂತಿದ್ದಳು.
ಅವಳ ಕೇಸು ಡಿಸೆಂಬರಿಗೆ.
ನೀವು ಜ್ಯೂರಿಯಲ್ಲಿದ್ದಿರಂತೆ?
ಇದ್ದೆ, ಇರಲಿಲ್ಲ.
ಮೂಗೊರೆಸಿಕೊಂಡಳು. ಕರವಸ್ತ್ರ ಕೊಟ್ಟೆ.
ಒಳಗೆ ಏನು ಮಾಡಿದಳೋ, ಕೇಳಲಿಲ್ಲ. ನನ್ನದನ್ನೂ ಹೇಳಲಾರೆ.

ವಾಪಸು ಬರುವಾಗ ವೆಂಡೆಲ್ ಲೈಬ್ರರಿಯ ಬಳಿ ಗಾಡಿ ನಿಲ್ಲಿಸಿದ.
ಟಿವಿಯಲ್ಲಿ ಇನ್ನೂ ಹಳದಿ; ಇಲ್ಲಿ ಎಲ್ಲ ಬೆಳೆದಿದೆ,
ಆದರೆ ಹೊಸ ಹುಲ್ಲು ಹಳೆಯದಕ್ಕಿಂತ ಒಂದಿಷ್ಟು ಹೆಚ್ಚೇ ಹಸಿರು.
ಎಣಿಸಿದರೆ ಅರವತ್ತೆರಡೂ ಸಿಗುತ್ತವೆ.

ಬೀಜ ಬೇರೆ ಕಂಪನಿಯದು, ಎಂದ ಗೊಣಗುತ್ತ,
ನಾನು ಹೇಳಿದ್ದು ಬೇರೆ, ಅವರು ತರಿಸಿದ್ದು ಬೇರೆ.